ಕೆಂಪು ಪಟ್ಟಿಯ ನೊಣಗಳು

ನೊಣದಮ್ಮನಿಗೆ ನೊಣ ಕಂಡರೆ ಆಗದು. ಇಪ್ಪತ್ತೆರಡು ವರ್ಷ ದಿನಾ ಬೆಳಿಗ್ಗೆ ಪ್ರಯೋಗಾಲಯದ ಅಡುಗೆಕೋಣೆಯಲ್ಲಿ ನಲವತ್ತು ಲೀಟರಿನ ಸ್ಟೀಲ್ ಹಂಡೆಯ ಮುಂದೆ ನಿಂತು ಆ ಪ್ರಾಣಿಗಳಿಗೆ ಗಂಜಿ ಕಾಯಿಸಿದವಳು ಅವಳು. ಮೆಕ್ಕೆಜೋಳದ ಹಿಟ್ಟು, ಸಕ್ಕರೆ, ಈಸ್ಟು, ಗಟ್ಟಿಯಾಗಲೆಂದು ಒಂದು ಹಿಡಿ ಅಗರ್ ಪುಡಿ, ಬೂಷ್ಟು ಹಿಡಿಯದಿರಲೆಂದು ಕೊನೆಗೆ ಒಂದಿಷ್ಟು ಆಸಿಡ್ಡು. ಹಂಡೆ ಕುದಿಯುವಾಗ ಏಳುವ ವಾಸನೆಯನ್ನು ಹೇಗೆ ಹೇಳುವುದು? ಹುಳಿತ ಹಿಟ್ಟಿಗೆ ಯಾರೋ ಬೆವರಿದ ಕಾಲುಚೀಲ ಅದ್ದಿದ ಹಾಗೆ. ಆ ವಾಸನೆ ಅವಳ ಸೆರಗಿಗೆ, ಕೂದಲಿಗೆ, ಊಟದ ಡಬ್ಬಿಯ ಮುಚ್ಚಳಕ್ಕೆ ಎಲ್ಲ ಹತ್ತಿಕೊಂಡಿತ್ತು. ಬಸ್ಸಿನಲ್ಲಿ ಪಕ್ಕ ಕೂತವರು ಎರಡು ನಿಲ್ದಾಣ ಸಹಿಸಿಕೊಂಡು ಮೂರನೆಯದರಲ್ಲಿ ಎದ್ದು ಹೋಗಿ ನಿಲ್ಲುತ್ತಿದ್ದರು. ಅವಳು ಅದನ್ನು ಕಂಡೂ ಕಾಣದವಳಂತೆ ಕಿಟಕಿಯಾಚೆ ನೋಡುತ್ತಿದ್ದಳು.

ನೊಣದಮ್ಮ ಎಂಬ ಹೆಸರು ಇಟ್ಟವರು ಯಾರೋ ಹಳೆಯ ವಿದ್ಯಾರ್ಥಿಗಳು. ಇಟ್ಟು, ಡಿಗ್ರಿ ತೆಗೆದುಕೊಂಡು, ತಮ್ಮ ಪಾಡಿಗೆ ತಾವು ಹೋಗಿಬಿಟ್ಟರು. ಹೆಸರು ಮಾತ್ರ ಇಲ್ಲೇ ಉಳಿಯಿತು. ಎದುರಿಗೆ ಎಲ್ಲರೂ ಅಕ್ಕ ಎನ್ನುತ್ತಿದ್ದರು, ಬೆನ್ನ ಹಿಂದೆ ನೊಣದಮ್ಮ. ಅವಳಿಗೆ ಗೊತ್ತಿತ್ತು. ಕೇಳಿದಾಗಲೆಲ್ಲ ಹೋಗಿ ಕೈ ತೊಳೆದುಕೊಳ್ಳುತ್ತಿದ್ದಳು.

ಅವಳು ಆಸ್ಪತ್ರೆಯ ಬಟ್ಟೆ ಒಗೆಯುವವಳ ಮಗಳು. ಹುಟ್ಟಿ ಬೆಳೆದದ್ದು ಒಗೆಯುವ ಕೋಣೆಯ ಹಿಂದಿನ ಒಂದೂವರೆ ಕೋಣೆಯ ಮನೆಯಲ್ಲಿ. ಬೆಳಿಗ್ಗೆ ಎದ್ದರೆ ಬಾಗಿಲ ಮುಂದೆ ರಕ್ತ, ಕೀವು, ಮಲಮೂತ್ರ ಮೆತ್ತಿದ ಚಾದರಗಳ ಗುಡ್ಡೆ. ಅವಳಮ್ಮ ಮೂಗಿಗೆ ಬಟ್ಟೆ ಕಟ್ಟುತ್ತಿರಲಿಲ್ಲ. ಮೂಗು ಮುಚ್ಚಿಕೊಂಡರೆ ಎಲ್ಲಿ ಕೊಳೆ ಉಳಿದಿದೆ ಅಂತ ಹೇಗೆ ಗೊತ್ತಾಗಬೇಕು ಎಂದು ಮಗಳನ್ನೇ ಕೇಳುತ್ತಿದ್ದಳು. ಕುದಿಸಿ, ತಿಕ್ಕಿ, ಕೊನೆಯ ನೀರಿಗೆ ಒಂದು ಮುಚ್ಚಳ ಫಿನಾಯಿಲು ಹಾಕಿ ಜಾಲಾಡಿದ ಮೇಲೆ ಚಾದರವನ್ನು ಮೂಗಿಗೆ ಹಿಡಿದು ನೋಡುತ್ತಿದ್ದಳು. ಫಿನಾಯಿಲಿನ ವಾಸನೆ ಬಂದರೆ ಕೆಲಸ ಮುಗಿಯಿತು ಎಂದರ್ಥ. ರಾತ್ರಿ ಮಗಳ ತಲೆ ಸವರುವ ಕೈಯಲ್ಲೂ ಅದೇ ವಾಸನೆ. ಹಾಗಾಗಿ ಜಗತ್ತಿನ ಇತರರಿಗೆ ಕಕ್ಕಸಿನ ನೆನಪು ತರುವ ಆ ವಾಸನೆ ಇವಳಿಗೆ ತಾಯಿಯ ವಾಸನೆ, ಶುಭ್ರದ ವಾಸನೆ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆಮೇಲೆ ಆದದ್ದೆಲ್ಲ ಇದರಿಂದಲೇ.

ಮದುವೆಯಾದದ್ದು ಹಾಸಿಗೆ ಹೊಲಿಯುವವನನ್ನು. ಮನೆಯ ಮುಂಭಾಗವೇ ಅವನ ಅಂಗಡಿ. ಜನ ತಂದು ಹಾಕುವ ಹಳೆಯ ಹಾಸಿಗೆಗಳನ್ನು ಬಿಚ್ಚಿ, ಗಂಟುಗಟ್ಟಿದ ಹತ್ತಿ ಹಿಂಜಿ, ಮತ್ತೆ ತುಂಬಿ ಹೊಲಿದು ಕೊಡುವ ಕೆಲಸ. ಯಾರ ಯಾರದೋ ಬೆವರಿನ ಕಲೆ, ಮಕ್ಕಳ ಉಚ್ಚೆಯ ನಕಾಶೆ, ಹೊಲಿಗೆಯ ಸಂದಿಯಲ್ಲಿ ತಿಗಣೆ. ಆತ ಎಲ್ಲವನ್ನೂ ನಗುನಗುತ್ತ ಬಿಚ್ಚುತ್ತಿದ್ದ. ಹೆಂಡತಿ ಸಂಜೆ ಬಂದವಳೇ ಅಂಗಡಿಯ ಕಡೆ ಮುಖ ಹಾಕದೆ ಪಕ್ಕದ ಓಣಿಯಿಂದ ಹಿತ್ತಲಿಗೆ ಹೋಗಿ, ಎರಡು ಸಲ ಸೋಪು ಹಚ್ಚಿ ಮಿಂದು, ಆಮೇಲೆ ಒಳಗೆ ಬರುತ್ತಿದ್ದಳು. ಒಬ್ಬಳೇ ಮಗಳು ಮದುವೆಯಾಗಿ ಹೋಗುವಾಗ, ಇಷ್ಟು ಸೋಪಿಗೆ ಒಂದು ಕಾರ್ಖಾನೆಯನ್ನೇ ಕೊಂಡುಕೊಳ್ಳಬಹುದಿತ್ತಲ್ಲಮ್ಮಾ ಎಂದು ನಗಾಡಿದ್ದಳು.

ಇನ್ನು ಪ್ರಯೋಗಾಲಯದ ವಿಷಯ. ಅಲ್ಲಿ ನಿದ್ದೆಯನ್ನು ಓದುತ್ತಿದ್ದರು. ಕೊಳೆತ ಬಾಳೆಹಣ್ಣಿಗೆ ಮುತ್ತುವ ಪುಟ್ಟ ನೊಣದ ನಿದ್ದೆ! ಕೆಲಸಕ್ಕೆ ಸೇರಿದ ವಾರ ಇದನ್ನು ಕೇಳಿ ನೊಣದಮ್ಮ ಗಂಡನಿಗೆ ಹೇಳಿ ಹೇಳಿ ನಕ್ಕಿದ್ದಳು. ಆಮೇಲೆ ನಗು ನಿಂತಿತು. ನೊಣ ನಿಜಕ್ಕೂ ನಿದ್ದೆ ಮಾಡುತ್ತದೆ. ಗಂಡು ನೊಣವಂತೂ ಮಧ್ಯಾಹ್ನ ಊಟವಾದ ಗುಮಾಸ್ತನ ಹಾಗೆ ತೂಕಡಿಸುತ್ತದೆ. ಎಬ್ಬಿಸಿ ಎಬ್ಬಿಸಿ ನಿದ್ದೆಗೆಡಿಸಿದರೆ ಮರುದಿನ ಹೆಚ್ಚು ಹೊತ್ತು ಮಲಗುತ್ತದೆ. ಗಸಗಸೆಯಷ್ಟಿರುವ ಅದರ ತಲೆಯ ಒಳಗೆ ಬೆರಳೆಣಿಕೆಯ ಕೆಲವು ಜೀವಕೋಶಗಳಿವೆಯಂತೆ, ಅವು ಚುರುಕಾದರೆ ನೊಣ ಮಲಗುತ್ತದೆ, ಮಂಕಾದರೆ ಏಳುತ್ತದೆ. ಆ ಕೋಶಗಳನ್ನು ಏರಿಸಿ ಇಳಿಸುವುದು ಅಪ್ಪ ಅಮ್ಮನಿಂದ ಬರುವ ಜೀನ್‌ಗಳು. ಒಂದು ಜೀನ್ ಕೆಟ್ಟರೆ ನೊಣಕ್ಕೆ ನಿದ್ದೆಯೇ ಹತ್ತದು, ಇನ್ನೊಂದು ಕೆಟ್ಟರೆ ಬೇರೆ ಥರ. ಇದನ್ನೆಲ್ಲ ಅವಳಿಗೆ ಬಿಡಿಸಿ ಹೇಳಿದವಳು ಪಿಎಚ್‌ಡಿ ಮಾಡುತ್ತಿದ್ದ ಒಬ್ಬ ಹುಡುಗಿ. ಹುಡುಗಿ ಎಂದರೆ ಇಪ್ಪತ್ತೊಂಬತ್ತು ವರ್ಷ, ತಲೆಯಲ್ಲಿ ಆಗಲೇ ನಾಲ್ಕು ಬಿಳಿ ಕೂದಲು. ಇಡೀ ಕಟ್ಟಡದಲ್ಲಿ ನೊಣದಮ್ಮನ ಪಕ್ಕ ಕೂತು ಡಬ್ಬಿ ಬಿಚ್ಚಿ ಊಟ ಮಾಡುತ್ತಿದ್ದವಳು ಅವಳೊಬ್ಬಳೇ. ಎರಡು ತುತ್ತಿನ ನಡುವೆ ಮಿದುಳಿನ ಕತೆ ಹೇಳುತ್ತಿದ್ದಳು. ಉಣ್ಣುವಾಗ ಆ ವಿಷಯ ಎತ್ತಬೇಡ ಎಂದು ನೊಣದಮ್ಮ ಮುಖ ಸಿಂಡರಿಸಿದರೂ ಕಿವಿ ಅತ್ತಲೇ ಇರುತ್ತಿತ್ತು.

ಆ ಹುಡುಗಿಯಲ್ಲಿ ಅವಳಿಗೆ ಹಿಡಿಸದ ಸಂಗತಿ ಒಂದೇ. ಅಲ್ಲಿಯವರೆಲ್ಲ ನೊಣಗಳನ್ನು ಒಂದು ಸೀಸೆಯಿಂದ ಇನ್ನೊಂದಕ್ಕೆ ಹಾಕಲು ರಬ್ಬರು ಕೊಳವೆಯ ತುದಿ ಬಾಯಲ್ಲಿಟ್ಟುಕೊಂಡು ನೊಣವನ್ನು ಹೀರುತ್ತಿದ್ದರು. ನಡುವೆ ಒಂದು ಜಾಲರಿ ಇದೆ, ಬಾಯಿಗೇನೂ ಬರುವುದಿಲ್ಲ ಎಂದು ಎಷ್ಟು ಹೇಳಿದರೂ ನೊಣದಮ್ಮನಿಗೆ ವಾಕರಿಕೆ ತಡೆಯಲಾಗುತ್ತಿರಲಿಲ್ಲ. ಆ ಬಾಯಲ್ಲೇ ನನ್ನ ಡಬ್ಬಿಯ ಚಮಚ ಇಟ್ಟುಕೋಬೇಡ ಎಂದು ಕಡ್ಡಿ ತುಂಡು ಮಾಡಿದಂತೆ ಹೇಳಿದ್ದಳು.

ನಿದ್ದೆ ಅಳೆಯುವ ರೀತಿ ಹೀಗೆ. ಪೆನ್ಸಿಲಿನಷ್ಟು ಸಣ್ಣ, ಬೆರಳಿನಷ್ಟು ಉದ್ದದ ಗಾಜಿನ ಕೊಳವೆ. ಒಂದು ತುದಿಗೆ ಗಂಜಿ, ಇನ್ನೊಂದು ತುದಿಗೆ ಸ್ಪಂಜಿನ ಬಿರಡೆ, ನಡುವೆ ಒಂದೇ ಒಂದು ನೊಣ. ಅಂಥ ಮೂವತ್ತೆರಡು ಕೊಳವೆಗಳನ್ನು ಒಂದು ಪೆಟ್ಟಿಗೆಗೆ ಅಡ್ಡಡ್ಡ ತೂರಿಸುತ್ತಾರೆ. ಪ್ರತಿ ಕೊಳವೆಯ ನಟ್ಟನಡುವೆ ಕಣ್ಣಿಗೆ ಕಾಣದ ಒಂದು ಬೆಳಕಿನ ಗೆರೆ. ನೊಣ ಆಚೆಯಿಂದ ಈಚೆಗೆ ಓಡಾಡಿ ಗೆರೆ ದಾಟಿದಾಗಲೆಲ್ಲ ಕಂಪ್ಯೂಟರು ಬರೆದುಕೊಳ್ಳುತ್ತದೆ. ಐದು ನಿಮಿಷ ಗೆರೆ ದಾಟದಿದ್ದರೆ ನೊಣ ನಿದ್ದೆ ಮಾಡಿತು ಎಂದು ಲೆಕ್ಕ. ನಾಲ್ಕು ದಿನ ಆ ಕೋಣೆಯ ಬಾಗಿಲು ಯಾರೂ ತೆಗೆಯುವಂತಿಲ್ಲ, ತೆಗೆದರೆ ನೊಣಗಳ ನಿದ್ದೆ ಕೆಡುತ್ತದೆ. ಹೊರಗೆ ಕೂತವರಿಗೆ ತಂತಿಯಲ್ಲಿ ಅಂಕಿ ಬರುತ್ತದೆ. ಅಂಕಿ ನೋಡುವುದು, ಗೆರೆ ಎಳೆಯುವುದು, ತಲೆದೂಗುವುದು. ನೊಣವನ್ನು ನೋಡುವ ಪದ್ಧತಿ ಅಲ್ಲಿರಲಿಲ್ಲ.

ನಾಲ್ಕು ದಿನ ಮುಗಿದ ಮೇಲೆ ಕೊಳವೆಗಳು ಬುಟ್ಟಿಯಲ್ಲಿ ನೊಣದಮ್ಮನ ಬಳಿ ಬರುತ್ತಿದ್ದವು. ಒಳಗಿನ ನೊಣಗಳನ್ನು ಮದ್ಯಸಾರದ ದೊಡ್ಡ ಸೀಸೆಗೆ ಉದುರಿಸುವುದು, ಒಣಗಿದ ಗಂಜಿ ಕೆರೆಯುವುದು, ಗಾಜು ಕುದಿಸುವುದು, ಬಿರಡೆ ತೊಳೆದು ಒಣಗಿಸುವುದು. ಆ ಸೀಸೆಯಲ್ಲಿ ಸಾವಿರಾರು ನೊಣಗಳು ತಳಕ್ಕೆ ಇಳಿದು ಕಂದು ಕೆಸರಾಗಿ ಕೂತಿರುತ್ತಿದ್ದವು. ತಿಂಗಳಿಗೊಮ್ಮೆ ಅದನ್ನು ಚೆಲ್ಲುವ ದಿನ ನೊಣದಮ್ಮ ಮಧ್ಯಾಹ್ನ ಉಣ್ಣುತ್ತಿರಲಿಲ್ಲ.

ಒಂದು ವರ್ಷದ ಕೆಳಗೆ ಬೇರೆಲ್ಲಿಂದಲೋ ಒಂದು ಹೊಸ ತಳಿಯ ನೊಣಗಳನ್ನು ಹುಡುಗಿ ತರಿಸಿದಳು. ಯಾವುದೋ ಒಂದು ಜೀನ್ ಕೆಟ್ಟ ತಳಿ. ಸೀಸೆಗಳು ಬಂದ ದಿನವೇ ನೊಣದಮ್ಮ ಒಂದನ್ನೆತ್ತಿ ಬೆಳಕಿಗೆ ಹಿಡಿದು ನೋಡಿ ಕೈ ಕೊಡವಿಬಿಟ್ಟಳು. ಬಿರಡೆಯ ಮೇಲೆ ಬಿಳಿ ಹುಡಿ, ಆ ಹುಡಿ ಹರಿದಾಡುತ್ತಿತ್ತು. ನುಸಿ! ನುಸಿ ಒಂದು ಸೀಸೆಗೆ ಬಂದರೆ ಸಾಕು, ವಾರದಲ್ಲಿ ಕಟ್ಟಡವೆಲ್ಲ ಹಬ್ಬಿ ನೊಣಗಳ ಮೈಗೆ ಅಂಟಿ ಇಪ್ಪತ್ತು ವರ್ಷದ ತಳಿಗಳನ್ನೆಲ್ಲ ಮುಗಿಸುತ್ತದೆ. ಅವಳ ಮೈಯೆಲ್ಲ ತುರಿಸಿತು. ಅಂದೇ ಒಂದು ಕಾನೂನು ಮಾಡಿದಳು. ಈ ಹೊಸ ತಳಿಯ ಕೊಳವೆಗೆಲ್ಲ ಕೆಂಪು ಟೇಪಿನ ಪಟ್ಟಿ, ಬಿರಡೆಗೂ ಕೆಂಪು ಬಣ್ಣದ ಚುಕ್ಕೆ. ಉಳಿದ ಮಾಮೂಲಿ ನೊಣಗಳದು ಬಿಳಿ ಪಟ್ಟಿ. ಕೆಂಪಿಗೆ ಬೇರೆ ಬುಟ್ಟಿ, ಬೇರೆ ತೊಟ್ಟಿ, ಬೇರೆ ಕುಂಚ. ಒಂದು ಇನ್ನೊಂದಕ್ಕೆ ತಾಗಕೂಡದು. ಪ್ರಯೋಗಾಲಯದ ಮುಖ್ಯಸ್ಥರಾದ ಪ್ರೊಫೆಸರರೂ ಅದನ್ನು ಮೆಚ್ಚಿ ಕಾರಿಡಾರಿನ ಗೋಡೆಗೆ ಬರೆದು ಅಂಟಿಸಿದರು.

ಗೋಡೆಯ ಮೇಲೆ ಬರೆಯದ ಸಂಗತಿ ಒಂದಿತ್ತು. ಕೆಂಪು ತೊಟ್ಟಿಯ ಕೊನೆಯ ನೀರಿಗೆ ಅವಳು ಒಂದು ಮುಚ್ಚಳ ಫಿನಾಯಿಲು ಹಾಕುತ್ತಿದ್ದಳು. ಯಾರೂ ಹಾಕು ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಅವಳಿಗೆ ಅದು ಹೇಳುವಂಥ ವಿಷಯ ಎಂದೇ ಅನಿಸಲಿಲ್ಲ. ಬಿರಡೆಗಳನ್ನು ಬಿಸಿಲಿಗೆ ಒಣಗಿಸಿ, ಒಂದನ್ನೆತ್ತಿ ಮೂಗಿಗೆ ಹಿಡಿದು, ಸಣ್ಣಗೆ ಆ ವಾಸನೆ ಬಂದರೆ ಸಮಾಧಾನದಿಂದ ಡಬ್ಬಿಗೆ ತುಂಬುತ್ತಿದ್ದಳು. ಈಸ್ಟಿನ ನಾತದಲ್ಲಿ ಮುಳುಗಿದ್ದ ಆ ಕಟ್ಟಡದಲ್ಲಿ ಬೇರೆ ಯಾರ ಮೂಗಿಗೂ ಅದು ತಟ್ಟಲಿಲ್ಲ.

ಎರಡು ತಿಂಗಳಲ್ಲಿ ಹುಡುಗಿ ಓಡಿ ಬಂದು ನೊಣದಮ್ಮನನ್ನು ತಬ್ಬಿಕೊಂಡಳು. ಕೆಂಪು ಪಟ್ಟಿಯ ನೊಣಗಳು ದಿನಕ್ಕೆ ಇಪ್ಪತ್ತು ಗಂಟೆ ನಿದ್ದೆ ಮಾಡುತ್ತಿದ್ದವು! ಬಿಳಿ ಪಟ್ಟಿಯವು ಹನ್ನೆರಡು ಗಂಟೆ ಮಲಗಿ ಎದ್ದು ಕೂರುತ್ತಿದ್ದರೆ ಇವು ಏಳುವ ಮಾತೇ ಇಲ್ಲ. ಹುಡುಗಿ ಆ ತಳಿಗೆ ಕುಂಭಕರ್ಣ ಎಂದು ಹೆಸರಿಟ್ಟಳು. ಮತ್ತೆ ಮಾಡಿದಳು, ಮತ್ತೆ ಅದೇ. ಇನ್ನೂರು ನೊಣಗಳ ತಲೆ ಬಿಡಿಸಿ ಮಿದುಳು ತೆಗೆದು, ಆ ನಿದ್ದೆಯ ಕೋಶಗಳು ಹಸಿರಾಗಿ ಹೊಳೆಯುವಂತೆ ಮಾಡಿ ಚಿತ್ರ ತೆಗೆದಳು. ಕುಂಭಕರ್ಣನ ಕೋಶಗಳು ಒಂದು ಚೂರು ಹೆಚ್ಚು ಹೊಳೆಯುತ್ತಿವೆ ಎಂದು ಪ್ರೊಫೆಸರರಿಗೆ ಕಂಡಿತು. ಪ್ರೊಫೆಸರರಿಗೆ ಕಂಡ ಮೇಲೆ ಎಲ್ಲರಿಗೂ ಕಂಡಿತು. ನೊಣದಮ್ಮನಿಗೆ ತೋರಿಸಿದಾಗ ಅವಳಿಗೆ ಎರಡು ಚಿತ್ರವೂ ಒಂದೇ ಥರ ಕಂಡಿತ್ತು. ತನಗೇನು ಗೊತ್ತು ಎಂದುಕೊಂಡು ಹಂಡೆಯ ಕಡೆ ತಿರುಗಿದಳು.

ಪ್ರೊಫೆಸರರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ದೊಡ್ಡದೊಂದು ವಿಜ್ಞಾನ ಪತ್ರಿಕೆಗೆ ಲೇಖನ ಹೋಯಿತು. ಹುಡುಗಿಗೆ ಅದು ಬೇಕೇ ಬೇಕಿತ್ತು. ಆರು ವರ್ಷ ಮುಗಿದಿತ್ತು, ಇದಕ್ಕೆ ಮೊದಲು ಹಿಡಿದ ಎರಡು ಕೆಲಸಗಳು ಕೈಕೊಟ್ಟಿದ್ದವು. ಈ ವರ್ಷದ ಕೊನೆಯೊಳಗೆ ಲೇಖನ ಅಚ್ಚಾದರೆ ಡಿಗ್ರಿ, ಇಲ್ಲದಿದ್ದರೆ ಬರಿಗೈ. ತಾಯಿ ಫೋನಿನಲ್ಲಿ ಇನ್ನೂ ಎಷ್ಟು ವರ್ಷ ನೊಣ ಹಿಡೀತೀಯಾ ಎಂದು ಕೇಳಿದಾಗ ಹುಡುಗಿ ಈಗ ನಗುತ್ತ ಉತ್ತರ ಕೊಡುತ್ತಿದ್ದಳು. ನೊಣದಮ್ಮನಿಗೆ ತನ್ನ ಮಗಳೇ ಪಾಸಾದಷ್ಟು ಖುಷಿ.

ಒಂದು ಮಧ್ಯಾಹ್ನ, ನಾಲ್ಕು ದಿನದ ಅಳತೆ ಮುಗಿದ ಮೇಲೆ, ನೊಣದಮ್ಮ ಬುಟ್ಟಿ ಹಿಡಿದು ನಿದ್ದೆಯ ಕೋಣೆಗೆ ಹೋದಾಗ ಹುಡುಗಿ ತಂತಿ ಕಳಚುವುದನ್ನು ಮರೆತು ಊಟಕ್ಕೆ ಹೋಗಿದ್ದಳು. ಬಾಗಿಲ ಬಳಿಯ ಪರದೆಯ ಮೇಲೆ ಗೆರೆಗಳು ಇನ್ನೂ ಓಡುತ್ತಿದ್ದವು. ಬಿಳಿ ಪಟ್ಟಿಯವು ಕುಣಿಯುತ್ತಿದ್ದವು, ಕೆಂಪು ಪಟ್ಟಿಯವು ಸಪಾಟು. ನೊಣದಮ್ಮ ಪೆಟ್ಟಿಗೆ ಎತ್ತಲು ಬಗ್ಗಿದಳು. ಕೆಂಪು ಕೊಳವೆಗಳ ಗಂಜಿಯ ತುದಿ ಅವಳ ಮೂಗಿನ ನೇರಕ್ಕೆ ಬಂತು. ಮೂವತ್ತೆರಡು ನೊಣಗಳೂ ಅಲ್ಲೇ ಇದ್ದವು, ಗಂಜಿಯ ಮೇಲೆ. ಒಂದು ಮುಂಗಾಲು ಉಜ್ಜುತ್ತಿತ್ತು. ಇನ್ನೊಂದು ಹಿಂಗಾಲಿನಿಂದ ರೆಕ್ಕೆ ಒರೆಸಿಕೊಳ್ಳುತ್ತಿತ್ತು. ಮತ್ತೊಂದು ಸೊಂಡಿಲು ಚಾಚಿ ಗಂಜಿ ನೆಕ್ಕುತ್ತ, ತಾನು ಹೇತದ್ದರ ಮೇಲೇ ಸುತ್ತು ಹಾಕುತ್ತಿತ್ತು. ಅಸಹ್ಯಪಟ್ಟು ಮುಖ ತಿರುಗಿಸಿದವಳಿಗೆ ಪರದೆ ಕಂಡಿತು. ಅಲ್ಲಿ ಮೂವತ್ತೆರಡೂ ಗಾಢ ನಿದ್ದೆಯಲ್ಲಿದ್ದವು.

ಸಂಜೆ ಮಿಂದು ಬಂದು ಗಂಡನಿಗೆ ಇದನ್ನು ಹೇಳಿದಳು. ಅವನು ಯಾರದೋ ಹಾಸಿಗೆಯ ಹೊಲಿಗೆ ಬಿಚ್ಚುತ್ತಿದ್ದ. ಕತ್ತರಿ ನಿಲ್ಲಿಸದೆ ಹೇಳಿದ:

"ಹಾಸಿಗೆ ಮೇಲೆ ಬಿದ್ದವರೆಲ್ಲ ನಿದ್ದೆ ಮಾಡ್ತಾರೆ ಅಂತ ನಿಮ್ಮ ಪ್ರೊಫೆಸರ್ ಅಂದ್ಕೊಂಡಿದ್ದಾರಾ? ಇದನ್ನ ನೋಡು. ಒಂದೇ ಮಗ್ಗುಲು ತಗ್ಗಾಗಿದೆ. ಈತ ವರ್ಷಗಟ್ಟಲೆ ಗೋಡೆ ಕಡೆ ಮುಖ ಮಾಡಿ ಎದ್ದೇ ಇದ್ದ ಕಣೇ. ಆ ಕಡೆ ಏನೋ ಬೇಡವಾದದ್ದು ಇತ್ತು ಅಷ್ಟೆ."

ಆ ಕಡೆ ಏನೋ ಬೇಡವಾದದ್ದು. ನೊಣದಮ್ಮ ಆ ತಗ್ಗನ್ನೇ ನೋಡಿದಳು. ಗಂಜಿಯ ತುದಿಗೆ ನೊಣಗಳು ಅಂಟಿ ಕೂತಿದ್ದರೆ, ಆಚೆ ತುದಿಯಲ್ಲಿ ಇದ್ದದ್ದು ಏನು? ಅವಳ ಬಿರಡೆ.

ಮರುದಿನ ಬೆಳಿಗ್ಗೆ ಹಂಡೆಗೆ ಬೆಂಕಿ ಹಚ್ಚುವ ಮೊದಲೇ ಬುಟ್ಟಿಯಿಂದ ಬಿಳಿ ಪಟ್ಟಿಯ ಒಂದು ಕೊಳವೆ ತೆಗೆದಳು. ಒಳಗಿನ ನೊಣ ಆಚೆಯಿಂದ ಈಚೆಗೆ ಠಾಕುಠೀಕಾಗಿ ಗಸ್ತು ಹೊಡೆಯುತ್ತಿತ್ತು. ಅದರ ಬಿರಡೆ ಕಿತ್ತು ಕೆಂಪು ಚುಕ್ಕೆಯ ಬಿರಡೆ ಒತ್ತಿದಳು. ನೊಣ ಬಿರಡೆಯ ಕಡೆ ನಡೆಯಿತು, ಅರ್ಧ ದಾರಿಯಲ್ಲಿ ನಿಂತಿತು, ಮೀಸೆ ಕೊಡವಿತು, ತಿರುಗಿ ಓಡಿತು. ಬೆಳಕಿನ ಗೆರೆ ಬೀಳುವ ನಡುಭಾಗಕ್ಕೆ ಮತ್ತೆ ಬರಲಿಲ್ಲ. ಗಂಜಿಯ ಮೇಲೆ ಕೂತು ಕಾಲು ಉಜ್ಜತೊಡಗಿತು. ಹತ್ತು ನಿಮಿಷ ನೋಡಿದಳು. ಮಾಮೂಲಿ ನೊಣ ಅವಳ ಕಣ್ಣೆದುರೇ ಕುಂಭಕರ್ಣನಾಗಿತ್ತು. ಅವಳ ಹೇಸಿಗೆಯೇ ಒಂದು ಜೀನ್ ಆಗಿ, ಚಿತ್ರವಾಗಿ, ಲೇಖನವಾಗಿ ಹೋಗಿತ್ತು. ತನ್ನ ಕೈ ಮೂಸಿ ನೋಡಿಕೊಂಡಳು. ಮೊದಲ ಬಾರಿಗೆ ಆ ವಾಸನೆಗೆ ಮುಖ ತಿರುಗಿಸಿದಳು.

ಹೇಳದೆ ಇದ್ದುಬಿಡಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹುಡುಗಿಗೆ ಡಿಗ್ರಿ ಸಿಗುತ್ತಿತ್ತು, ತನ್ನ ಕೆಲಸಕ್ಕೂ ಕುತ್ತಿಲ್ಲ. ಎರಡು ದಿನ ಹಾಗೇ ಕಳೆದಳು. ಎರಡು ದಿನವೂ ಒಲೆಯ ಹಿಂದೆ ಏನೋ ಸತ್ತು ಬಿದ್ದಿದೆ, ತಾನೊಬ್ಬಳಿಗೇ ನಾರುತ್ತಿದೆ ಎಂಬಂತೆ ಓಡಾಡಿದಳು. ಮೂರನೆಯ ದಿನ ಊಟದ ಹೊತ್ತಿಗೆ ಡಬ್ಬಿ ಬಿಚ್ಚದೆ ಹುಡುಗಿಯ ಕೈ ಹಿಡಿದು ನಿದ್ದೆಯ ಕೋಣೆಗೆ ಕರೆದುಕೊಂಡು ಹೋದಳು. ಒಳಗೆ ಅಳತೆ ನಡೆಯುತ್ತಿತ್ತು, ಬಾಗಿಲು ತೆಗೆಯುವಂತಿಲ್ಲ ಎಂದು ಹುಡುಗಿ ತಡೆದಳು. ನೊಣದಮ್ಮ ತೆಗೆದೇಬಿಟ್ಟಳು.

"ಆರು ವರ್ಷ ಅಂಕಿ ನೋಡಿದ್ದೀಯಲ್ಲ, ಒಂದು ಹತ್ತು ನಿಮಿಷ ನೊಣ ನೋಡು ಕಣಮ್ಮ."

ಹುಡುಗಿ ಮಂಡಿಯೂರಿ ಕೂತು ನೋಡಿದಳು. ಪರದೆ ನೋಡಿದಳು, ಮತ್ತೆ ನೊಣ ನೋಡಿದಳು. ಅವಳ ಕೈ ತಂತಾನೇ ಬಾಯಿಗೆ ಹೋಯಿತು. ನೊಣದಮ್ಮ ಫಿನಾಯಿಲಿನ ವಿಷಯ ಮೊದಲಿಂದ ಕೊನೆಯವರೆಗೆ ಹೇಳಿದಳು, ತನ್ನದೇ ತಪ್ಪು ಎಂದೂ ಹೇಳಿದಳು. ಹುಡುಗಿ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಎದ್ದು, ಮಂಡಿ ಒರೆಸಿಕೊಂಡು, ಬಾಗಿಲು ಮೆಲ್ಲಗೆ ಮುಚ್ಚಿ, ಯಾರಿಗಾದರೂ ಹೇಳಿದ್ದೀರಾ ಎಂದು ಕೇಳಿದಳು. ಇಲ್ಲ ಎಂದಾಗ, ಹೇಳಬೇಡಿ ಎಂದಳು. ಅಷ್ಟು ಹೇಳಿ ಕಾರಿಡಾರಿನಲ್ಲಿ ನಡೆದು ಹೋದಳು.

ಅಂದಿನಿಂದ ಅವಳು ಅಡುಗೆಕೋಣೆಗೆ ಊಟಕ್ಕೆ ಬರಲಿಲ್ಲ. ಕಣ್ಣ ಕೆಳಗೆ ಮಸಿ ಬಳಿದಂತೆ ಕಪ್ಪಾಯಿತು. ನೊಣದಮ್ಮ ಕಾದಳು. ಹುಡುಗಿಯೇ ಹೋಗಿ ಪ್ರೊಫೆಸರರಿಗೆ ಹೇಳುತ್ತಾಳೆ, ಸ್ವಲ್ಪ ದಿನ ಬೇಕು ಅಷ್ಟೆ ಎಂದು ತನಗೆ ತಾನೇ ಹೇಳಿಕೊಂಡಳು. ಮೂರು ವಾರವಾಯಿತು. ಅಷ್ಟರಲ್ಲಿ ಪತ್ರಿಕೆಯವರಿಂದ ಪತ್ರ ಬಂತು. ಲೇಖನ ಹಿಡಿಸಿದೆ, ನಿದ್ದೆಯ ಅಳತೆಯನ್ನು ಇನ್ನೊಂದು ಸಲ ಹೊಸದಾಗಿ ಮಾಡಿ ಕಳಿಸಿ, ಅದೂ ಹೀಗೇ ಬಂದರೆ ಅಚ್ಚು ಮಾಡುತ್ತೇವೆ ಎಂದು. ಪ್ರೊಫೆಸರರು ಎಲ್ಲರ ಬೆನ್ನು ತಟ್ಟಿದರು.

ಆ ಮಧ್ಯಾಹ್ನ ಹುಡುಗಿ ಅಡುಗೆಕೋಣೆಗೆ ಬಂದಳು. ಕೊಳವೆಗಳ ಎರಡು ಬುಟ್ಟಿಗಳನ್ನು ಕೆಳಗಿಟ್ಟು, ನೆಲ ನೋಡುತ್ತ ಕೇಳಿದಳು:

"ಅಕ್ಕ, ಕೆಂಪು ಪಟ್ಟೀದು ಈ ಸಲಾನೂ ಬೇರೆಯಾಗೇ ತೊಳೀತೀರಲ್ಲ? ಮೊದಲಿನ ಹಾಗೇ?"

ಅವಳ ದನಿ ಸಣ್ಣಗಿತ್ತು, ಬಸ್ಸಿನಲ್ಲಿ ಚಿಲ್ಲರೆ ಇದೆಯಾ ಎಂದು ಕೇಳುವಷ್ಟು ಸಾಮಾನ್ಯವಾಗಿತ್ತು. ನೊಣದಮ್ಮ ಅವಳ ಮುಖವನ್ನೇ ನೋಡಿದಳು. ಆಸ್ಪತ್ರೆಯ ಚಾದರಗಳಲ್ಲಿ ಏನೇನೋ ಕಂಡವಳು, ಮಾಂಸದ ಚೂರು ಕೂಡ ಕಂಡವಳು. ನೊಣದ ಕೆಸರು ಚೆಲ್ಲಿದವಳು, ನುಸಿಯನ್ನು ಬರಿಗೈಯಿಂದ ಒರೆಸಿದವಳು. ಈ ಕ್ಷಣದಲ್ಲಿ ಆದಷ್ಟು ಹೇಸಿಗೆ ಅವಳಿಗೆ ಯಾವತ್ತೂ ಆಗಿರಲಿಲ್ಲ. ತಾನು ತಿಳಿಯದೆ ಹಾಕಿದ ಒಂದು ಮುಚ್ಚಳ ಫಿನಾಯಿಲನ್ನು ಈಗ ತಿಳಿದು ಹಾಕು ಎಂದು ಕೇಳುತ್ತಿರುವ ಈ ಹುಡುಗಿ, ತನ್ನ ಪಕ್ಕ ಕೂತು ಉಂಡ ಹುಡುಗಿ. ಹೇಸಿಗೆಯ ಜೊತೆಗೇ ಎದೆ ಚುರುಕ್ಕೆಂದದ್ದು ಇನ್ನೂ ಕಷ್ಟವಾಯಿತು. ಹಂಡೆಯ ಅಂಚು ಹಿಡಿದುಕೊಂಡು, ಇಟ್ಟು ಹೋಗು ಎಂದಷ್ಟೇ ಹೇಳಿದಳು.

ಹುಡುಗಿ ಹೋದ ಮೇಲೆ ತೊಟ್ಟಿಗೆ ನೀರು ಬಿಟ್ಟಳು. ಫಿನಾಯಿಲಿನ ಬಾಟಲಿ ಕಿಟಕಿಯಲ್ಲಿತ್ತು. ಅದನ್ನೆತ್ತಿ ಬಚ್ಚಲಿಗೆ ಪೂರ್ತಿ ಸುರಿದಳು. ಕೆಂಪು ಚುಕ್ಕೆಯ ಹಳೆಯ ಬಿರಡೆಗಳನ್ನು ಕಸಕ್ಕೆ ಹಾಕಿ, ಹೊಸ ಸ್ಪಂಜು ಕತ್ತರಿಸಿ ಅದಕ್ಕೆ ಚುಕ್ಕೆ ಇಟ್ಟಳು. ಆಮೇಲೆ ಕೆಂಪು, ಬಿಳಿ ಎರಡೂ ಬುಟ್ಟಿಗಳನ್ನು ಒಂದೇ ತೊಟ್ಟಿಯ ಕುದಿನೀರಿಗೆ ಬೋರಲು ಹಾಕಿದಳು. ತನ್ನ ಕಾನೂನನ್ನು ತಾನೇ ಮುರಿದಳು. ನುಸಿ ಇದ್ದರೆ ಕುದಿಯಲ್ಲಿ ಸಾಯಲಿ ಎಂದು ನಾಲ್ಕು ಸಲ ಕುದಿಸಿದಳು. ಒಣಗಿದ ಮೇಲೆ ಒಂದು ಬಿರಡೆ ಮೂಸಿ ನೋಡಿದಳು. ಯಾವ ವಾಸನೆಯೂ ಇರಲಿಲ್ಲ, ತಾಯಿಯದೂ ಇರಲಿಲ್ಲ.

ನಾಲ್ಕು ದಿನ ಕಳೆಯಿತು. ಐದನೆಯ ದಿನ ಬೆಳಿಗ್ಗೆ ಅಂಕಿ ಬಂತು. ಕೆಂಪು ಪಟ್ಟಿಯವು ಹನ್ನೆರಡು ಗಂಟೆ ನಿದ್ದೆ ಮಾಡಿದ್ದವು, ಬಿಳಿಯವೂ ಹನ್ನೆರಡು ಗಂಟೆ.

ಪ್ರೊಫೆಸರರು ಮೊದಲ ಬಾರಿಗೆ ಅಡುಗೆಕೋಣೆಯ ಬಾಗಿಲಿಗೆ ಬಂದು ನಿಂತರು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಬಾರಿ, ಅದೂ ಕರವಸ್ತ್ರ ಮೂಗಿಗೆ ಹಿಡಿದುಕೊಂಡು. ಈ ಸಲ ತೊಳೆಯುವುದರಲ್ಲಿ ಏನಾದರೂ ಬದಲಾಯಿಸಿದಿರಾ ಎಂದು ಕೇಳಿದರು. ನೊಣದಮ್ಮ ಏನನ್ನೂ ಮುಚ್ಚಿಡದೆ ಫಿನಾಯಿಲಿನ ಕತೆ ಹೇಳಿದಳು. ಹುಡುಗಿ ಬಂದು ಕೇಳಿದ ಮಾತನ್ನು ಮಾತ್ರ ಹೇಳಲಿಲ್ಲ. ಅದನ್ನು ನಾಲಿಗೆಯ ಮೇಲೆ ಇಟ್ಟುಕೊಳ್ಳಲೂ ಅವಳಿಗೆ ಆಗಲಿಲ್ಲ. ಪ್ರೊಫೆಸರರು ಕಾರಿಡಾರಿನ ಕಡೆ ಒಮ್ಮೆ ತಿರುಗಿ ನೋಡಿದರು.

"ಇದು ಹೊರಗಡೆ ಯಾರಿಗೂ ಗೊತ್ತಿಲ್ಲ ತಾನೆ?" ಎಂದರು. ಇಲ್ಲ ಎಂದ ಮೇಲೆ ನಿರಾಳವಾದವರಂತೆ ಕರವಸ್ತ್ರ ಮಡಚಿದರು. "ಸರಿ ಬಿಡಿ. ಲೇಖನ ವಾಪಸ್ ತಗೋತೀವಿ. ಬೇರೆ ಜೀನ್ ಯಾವುದಾದ್ರೂ ನೋಡೋಣ."

ಅವರಿಗೆ ಬೇರೆ ಜೀನ್ ಇತ್ತು. ಬೇರೆ ವಿದ್ಯಾರ್ಥಿಗಳಿದ್ದರು. ಅವರು ಹೋದ ದಾರಿಯನ್ನು ನೋಡಿ ನೊಣದಮ್ಮ ತೊಟ್ಟಿಗೆ ಉಗುಳಿ, ಆಮೇಲೆ ನೀರು ಬಿಟ್ಟು ತೊಟ್ಟಿ ತೊಳೆದಳು.

ಮಧ್ಯಾಹ್ನ ಊಟದ ಹೊತ್ತಿಗೆ ಹುಡುಗಿ ಬಂದಳು. ಬುಟ್ಟಿ ಇರಲಿಲ್ಲ, ಡಬ್ಬಿಯೂ ಇರಲಿಲ್ಲ. ನೊಣದಮ್ಮ ಅವಳ ಕಡೆ ತಿರುಗದೆ ಹಂಡೆ ಕೆರೆಯುತ್ತಲೇ ಹೇಳಿದಳು:

"ಎರಡನ್ನೂ ಒಂದೇ ನೀರಲ್ಲಿ ತೊಳೆದೆ."

"ಗೊತ್ತು ಅಕ್ಕ," ಎಂದಳು ಹುಡುಗಿ. "ನೀವು ಬೇರೆಯಾಗೇ ತೊಳೆದಿರ್ಲಿ ಅಂತ ನಾಲ್ಕು ದಿನಾನೂ ಬೇಡ್ಕೊಂಡೆ. ಹಾಗೆ ತೊಳೆದಿರಬಾರದು ಅಂತಾನೂ ಬೇಡ್ಕೊಂಡೆ."

ಅಷ್ಟು ಹೇಳಿ, ಹಿಟ್ಟಿನ ಚೀಲಗಳ ಪಕ್ಕದ ಬೆಂಚಿನ ಮೇಲೆ, ಚಪ್ಪಲಿಯೂ ಬಿಡದೆ, ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಳು. ಆ ಬೆಂಚಿಗೆ ಗಂಜಿಯ ಹಳೆಯ ಕಲೆಗಳಿದ್ದವು, ಅದರ ಮೇಲೆ ನೊಣದಮ್ಮ ತಾನು ಎಂದೂ ತಲೆ ಇಟ್ಟವಳಲ್ಲ. ಏಳು, ಬಟ್ಟೆಗೆ ಹತ್ತುತ್ತೆ ಎನ್ನಬೇಕೆನಿಸಿತು. ಮೂರು ವಾರದಿಂದ ಕಣ್ಣು ಮುಚ್ಚದವಳು, ಎಲ್ಲ ಮುಗಿದ ಮೇಲೆ ನಿದ್ದೆ ಹತ್ತಿತೇನೋ ಎಂದುಕೊಂಡು ಒಲೆ ಆರಿಸಿದಳು. ಸಪ್ಪಳವಾಗದಂತೆ ಹಂಡೆ ಮುಚ್ಚಿದಳು.

ಗೋಡೆಯ ಗಡಿಯಾರದಲ್ಲಿ ಐದು ನಿಮಿಷ ಕಳೆಯಿತು. ಹುಡುಗಿ ಕೈಯನ್ನೂ ಅಲುಗಿಸಲಿಲ್ಲ, ಕಾಲನ್ನೂ ಅಲುಗಿಸಲಿಲ್ಲ. ಆ ಪೆಟ್ಟಿಗೆಗೆ ಹಾಕಿದ್ದರೆ ನಿದ್ದೆ ಎಂದು ಬರೆದುಕೊಳ್ಳುತ್ತಿತ್ತು. ನೊಣದಮ್ಮ ಬೆಂಚಿನ ಬಳಿ ಹೋಗಿ, ಗೋಡೆಗೆ ಕೈ ಊರಿ, ಬಗ್ಗಿ ನೋಡಿದಳು.

ಕಣ್ಣು ತೆರೆದೇ ಇತ್ತು. ನೀರು ಮೂಗಿನ ಮೇಲಿಂದ ಅಡ್ಡಡ್ಡ ಹರಿದು ಬೆಂಚಿನ ಕಲೆಗೆ ಸೇರುತ್ತಿತ್ತು.

ನೊಣದಮ್ಮ ನಲ್ಲಿಯ ಬಳಿ ಹೋಗಿ ಸೋಪು ಹಚ್ಚಿ ಎರಡು ಸಲ ಕೈ ತೊಳೆದುಕೊಂಡಳು. ಬಂದು ಬೆಂಚಿನ ಅಂಚಿನಲ್ಲಿ ಕೂತು, ಒದ್ದೆ ಕೈಯನ್ನು ಹುಡುಗಿಯ ತಲೆಯ ಮೇಲಿಟ್ಟಳು.